ಬಸುರಿಯ ಮನಸ್ಸು ಮತ್ತು ನಮ್ಮ ಪೀಣ್ಯ

ನಮ್ಮ ಹಿರಿಯರ ಮಾತಿನಲ್ಲಿ ‘ಬಾಣಂತಿ ಸನ್ನಿ’ ಎಂಬ ಪದವಿದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೆಂಗಸು ನಿದ್ದೆ ಕಳೆದುಕೊಂಡು, ಅಸಂಬದ್ಧವಾಗಿ ಮಾತನಾಡತೊಡಗಿದರೆ, ಹೆತ್ತ ಮಗುವನ್ನೇ ತನ್ನದಲ್ಲವೆಂದರೆ ಆ ಪದವನ್ನು ಬಳಸುತ್ತಿದ್ದರು. ಬಸುರಿಯ ವಿಷಯದಲ್ಲೂ ಪದಗಳಿಗೆ ಬರವಿಲ್ಲ. ಬಯಕೆ, ಓಕರಿಕೆ, ಸುಸ್ತು, ದಿನ ತುಂಬುವುದು ಎಲ್ಲಕ್ಕೂ ಮಾತಿದೆ. ಆದರೆ ಹೊಟ್ಟೆಯಲ್ಲಿ ಮಗುವಿರುವಾಗಲೇ ಕಾರಣ ಹೇಳಲಾಗದೆ ಅಳುವ, ಊಟ ಸೇರದ, ಬೆಳಗಾದರೆ ಏಳಬೇಕಲ್ಲ ಎಂದು ಹೆದರುವ ಹೆಂಗಸಿನ ಸ್ಥಿತಿಗೆ ಒಂದು ಹೆಸರನ್ನು ನಾನು ನಮ್ಮ ಅಜ್ಜಿಯ ಬಾಯಲ್ಲಿ ಕೇಳಲಿಲ್ಲ. ಬಸುರಿ ಸಂತೋಷವಾಗಿರಬೇಕು ಎಂಬುದಷ್ಟೇ ಗೊತ್ತಿತ್ತು. ಸಂತೋಷವಾಗಿರದಿದ್ದರೆ ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ.

ಹಾಗೆಂದು ಹಿಂದಿನವರು ಬಸುರಿಯ ಮನಸ್ಸನ್ನು ಗಮನಿಸಿರಲಿಲ್ಲ ಎನ್ನುವಂತಿಲ್ಲ. ಆಯುರ್ವೇದದ ಗ್ರಂಥಗಳು ಗರ್ಭಿಣಿಯನ್ನು ‘ದೌಹೃದಿನಿ’ ಎಂದು ಕರೆದವು, ಎಂದರೆ ಎರಡು ಹೃದಯಗಳುಳ್ಳವಳು. ಅವಳ ಬಯಕೆಯನ್ನು ತೀರಿಸಬೇಕೆಂದು ವಿಧಿಸಿದವು. ನಮ್ಮ ಸೀಮಂತ, ಬಯಕೆ ಊಟ, ತವರಿಗೆ ಕಳಿಸುವ ಪದ್ಧತಿ ಇವೆಲ್ಲ ಆ ತಿಳಿವಳಿಕೆಯ ಮನೆಬಳಕೆಯ ರೂಪಗಳು. ಐದಾರು ಹೆಂಗಸರು ಸುತ್ತ ಕುಳಿತು ಹಸಿರು ಬಳೆ ತೊಡಿಸುವಾಗ, ಯಾರೋ ಒಬ್ಬರು ‘ಯಾಕೆ ಮುಖ ಸಣ್ಣಗಾಗಿದೆ’ ಎಂದು ಕೇಳುವ ಸಂದರ್ಭವಾದರೂ ಇತ್ತು. ಎಲ್ಲ ತವರೂ ಸುಖದ ತವರಲ್ಲ, ನಿಜ. ಗಂಡು ಮಗುವೇ ಆಗಲಿ ಎಂಬ ಹರಕೆಯ ಭಾರವೂ ಆ ಮಡಿಲಕ್ಕಿಯ ಜೊತೆಗೇ ಬೀಳುತ್ತಿತ್ತು. ಆದರೂ ಅವಳು ಒಂಟಿಯಾಗಿರುತ್ತಿರಲಿಲ್ಲ.

ಯೂರೋಪಿನಲ್ಲಿ ಇದು ವೈದ್ಯರ ಪುಸ್ತಕಕ್ಕೆ ಬಂದದ್ದು 1858ರಲ್ಲಿ. ಲೂಯಿ ವಿಕ್ತೋರ್ ಮಾರ್ಸೆ ಎಂಬ ಫ್ರೆಂಚ್ ವೈದ್ಯ ಬಸುರಿಯರು, ಬಾಣಂತಿಯರು ಮತ್ತು ಎದೆಹಾಲೂಡುವ ತಾಯಂದಿರ ಮನೋರೋಗಗಳ ಮೇಲೆ ಒಂದು ಗ್ರಂಥವನ್ನೇ ಬರೆದ. ಆತ ಬಸುರಿಯನ್ನು ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಮೇಲೆ ಬಹಳ ಕಾಲ ವೈದ್ಯಲೋಕ ಬಾಣಂತಿಯನ್ನು ನೋಡಿತು, ಬಸುರಿಯನ್ನು ಮರೆಯಿತು. ಬಸಿರು ಮನಸ್ಸನ್ನು ಕಾಪಾಡುತ್ತದೆ ಎಂಬ ನಂಬಿಕೆ ಬಲವಾಗಿತ್ತು.

ಇನ್ನು ನಮ್ಮ ಊರಿನ ಕಥೆ. ಬೆಂಗಳೂರಿನ ಸುತ್ತಲ ಹಳ್ಳಿಗಳು ಬೇರೆ ಬೇರೆ ಕಾಲದಲ್ಲಿ ಹೊಸ ಜನರನ್ನು ಕಂಡವು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಯಾಗಿ ಹುಟ್ಟಿತು. ತಂತ್ರಾಂಶದ ಕಟ್ಟಡಗಳು ಅಲ್ಲಿಗೆ ಬಂದದ್ದು 1990ರ ದಶಕದಲ್ಲಿ. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಆರಂಭಿಸಿದ್ದು 1978ರಲ್ಲಿ, ಆರ್. ಕೆ. ಬಾಳಿಗರ ಕನಸಿನಿಂದ. ನಮ್ಮ ಪೀಣ್ಯವೂ 1970ರ ದಶಕದ ಕೊನೆಯ ಹೊತ್ತಿಗೆ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡಿತು. ಮೊದಲು ಲೇತು, ಎರಕ, ಬಿಡಿಭಾಗಗಳ ಗಂಡಸರ ಲೋಕ. ಆಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು ಬಂದವು. 2005ರ ಜನವರಿ 1ರಂದು ಅಂತರರಾಷ್ಟ್ರೀಯ ಜವಳಿ ಕೋಟಾ ಪದ್ಧತಿ ಕೊನೆಗೊಂಡ ಮೇಲೆ ರಫ್ತು ಇನ್ನಷ್ಟು ಮುಕ್ತವಾಯಿತು. ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಂದು ಹೊಲಿಗೆ ಯಂತ್ರದ ಮುಂದೆ ಕುಳಿತರು.

ನನ್ನ ತರಗತಿಯ ಮಕ್ಕಳಲ್ಲಿ ಬಹಳ ಮಂದಿ ಇವರ ಮಕ್ಕಳು. ಹಾಗಾಗಿ ಈ ತಾಯಂದಿರ ದಿನಚರಿ ನನಗೆ ಪುಸ್ತಕದ ವಿಷಯವಲ್ಲ. ಒಂದೇ ಕೋಣೆಯ ಬಾಡಿಗೆ ಮನೆ. ಬೆಳಗಿನ ಜಾವ ನೀರು ಹಿಡಿದು, ಅಡುಗೆ ಮಾಡಿ, ಬಸ್ಸಿಗೆ ಓಡಬೇಕು. ಗಂಟೆಗೆ ಇಷ್ಟು ತುಂಡು ಎಂಬ ಲೆಕ್ಕ. ಬಸುರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಎದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಸುರಿಯೆಂದು ತಿಳಿದರೆ ಕೆಲಸ ಹೋದೀತೆಂದು ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಂಡು ಐದು ತಿಂಗಳು ದೂಡಿದವರನ್ನು ಕಂಡಿದ್ದೇನೆ. ಸೀಮಂತಕ್ಕೆ ಊರಿಗೆ ಹೋದರೆ ಮೂರು ದಿನದ ಸಂಬಳ ಖೋತಾ. ವೈಟ್‌ಫೀಲ್ಡಿನ ಹವಾನಿಯಂತ್ರಿತ ಕಚೇರಿಯ ಹುಡುಗಿಯ ಪಾಡು ಬೇರೆಯದು: ರಾತ್ರಿಯ ದೂರವಾಣಿ ಸಭೆ, ಬಡ್ತಿಯ ಚಿಂತೆ, ಹತ್ತನೆಯ ಮಹಡಿಯಲ್ಲಿ ಹೆಸರೂ ಗೊತ್ತಿಲ್ಲದ ನೆರೆಹೊರೆ. ಸಂಬಳದಲ್ಲಿ ಅಜಗಜಾಂತರ. ಆದರೆ ಹತ್ತಿರದಲ್ಲಿ ತಾಯಿಯಿಲ್ಲ ಎಂಬುದು ಇಬ್ಬರಿಗೂ ಸಮಾನ.

ಕಾನೂನು ಇವರನ್ನು ಮರೆತಿರಲಿಲ್ಲ. ಮುಂಬಯಿ ಪ್ರಾಂತ್ಯ 1929ರಲ್ಲೇ ಹೆರಿಗೆ ಭತ್ಯೆಯ ಕಾಯಿದೆ ಮಾಡಿತು. ಅದರ ಹಿಂದಿನ ವರ್ಷ ಶಾಸನಸಭೆಯಲ್ಲಿ ಅದರ ಪರವಾಗಿ ಮಾತನಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. 1961ರ ಕೇಂದ್ರ ಕಾಯಿದೆ 12 ವಾರಗಳ ರಜೆ ಕೊಟ್ಟಿತು. 2017ರಲ್ಲಿ ಅದು ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು, 50 ಮತ್ತು ಹೆಚ್ಚು ಜನರಿರುವ ಕಡೆ ಶಿಶುಗೃಹವೂ ಕಡ್ಡಾಯವಾಯಿತು. ಈಗ ಆ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಕಾಗದದ ಮೇಲಿನ ರಜೆಗೂ ಕೈಗೆ ಸಿಗುವ ರಜೆಗೂ ನಡುವೆ ಇರುವ ಅಂತರವನ್ನು ತುಂಬಿಕೊಳ್ಳಲು ಇವರಿಗಿದ್ದ ಗಂಟು ಭವಿಷ್ಯನಿಧಿ. ಹೆರಿಗೆ, ಮನೆ ಬಾಡಿಗೆಯ ಮುಂಗಡ, ಮಗುವಿನ ಕಾಯಿಲೆ ಎಲ್ಲಕ್ಕೂ ಅದೇ. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಈ ಹೆಂಗಸರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಪತ್ರಿಕೆಗಳು ಅದನ್ನು ಹಣದ ಜಗಳವೆಂದು ಬರೆದವು. ಅದರೊಳಗೆ ಬಸಿರಿನ ಭಯವೂ ಇತ್ತೆಂಬುದು ನನ್ನ ಎಣಿಕೆ.

ಮನಸ್ಸಿನ ಚಿಕಿತ್ಸೆಯ ಕಥೆ ಅದೇ ಹೊಸೂರು ರಸ್ತೆಯಲ್ಲಿದೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರು ಪಡೆಯಿತು. 1974ರಲ್ಲಿ ನಿಮ್ಹಾನ್ಸ್ ಆಯಿತು. 1970ರ ದಶಕದಲ್ಲಿ ಇಲ್ಲಿನ ವೈದ್ಯರು ಬನ್ನೇರುಘಟ್ಟದ ಆಚೆ ಸಕಲವಾರದಲ್ಲಿ ಹಳ್ಳಿಯವರಿಗಾಗಿ ಕೇಂದ್ರ ತೆರೆದು, ಸಾಮಾನ್ಯ ಆರೋಗ್ಯ ಕಾರ್ಯಕರ್ತರೂ ಮನೋರೋಗವನ್ನು ಗುರುತಿಸಬಹುದೆಂದು ತೋರಿಸತೊಡಗಿದರು. 2009ರಲ್ಲಿ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರ ಶ್ರಮದಿಂದ ಅಲ್ಲಿ ತಾಯಿ–ಮಗು ವಾರ್ಡ್ ಆರಂಭವಾಯಿತು. ಐದೇ ಹಾಸಿಗೆ. ಆದರೆ ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಕಾಯಿಲೆಯ ತಾಯಿಯಿಂದ ಮಗುವನ್ನು ಕಿತ್ತುಕೊಳ್ಳದೆ, ಇಬ್ಬರನ್ನೂ ಒಟ್ಟಿಗಿಟ್ಟು, ಜೊತೆಗೆ ಅಜ್ಜಿಯನ್ನೋ ಅಕ್ಕನನ್ನೋ ಉಳಿಸಿಕೊಂಡು ಚಿಕಿತ್ಸೆ ಮಾಡುವುದು ಅದರ ಕ್ರಮ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದಿತು.

ಬಸುರಿಯನ್ನು ಕೇಳುವ ವಿಧಾನವೂ ಅಷ್ಟರಲ್ಲಿ ಬಂದಿತ್ತು. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ಹತ್ತು ಪ್ರಶ್ನೆಗಳ ಎಡಿನ್‌ಬರೊ ಪಟ್ಟಿಯನ್ನು ಪ್ರಕಟಿಸಿದರು. ಕಳೆದ ಏಳು ದಿನಗಳಲ್ಲಿ ನಗು ಬಂದಿದೆಯೇ, ನಿದ್ದೆ ಕೆಟ್ಟಿದೆಯೇ, ಸುಮ್ಮನೆ ಗಾಬರಿಯಾಗುತ್ತದೆಯೇ, ಕೊನೆಗೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿದೆಯೇ. ಇಷ್ಟೇ. ಪೀಣ್ಯದಿಂದ ನೆಲಮಂಗಲ ದಾಟಿ ಹೋದರೆ ಸಿಗುವ ಸೋಲೂರಿನಲ್ಲಿ 194 ಮಂದಿ ತುಂಬು ಬಸುರಿಯರಿಗೆ ಇದನ್ನು ಕನ್ನಡದಲ್ಲಿ ಕೇಳಿ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸುಮಾರು ಆರರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳಿದ್ದವು. ನಮ್ಮ ಹೆಂಗಸರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ ಎನ್ನುವವರಿಗೆ ಇದೇ ಉತ್ತರ. ಕೇಳಿದರೆ ಹೇಳುತ್ತಾರೆ.

ನನ್ನನ್ನು ಯಾರೂ ಕೇಳಿರಲಿಲ್ಲ. 1990ರ ದಶಕದಲ್ಲಿ ನಾನು ಬಸುರಿಯಾಗಿದ್ದಾಗ ಆರನೆಯ ತಿಂಗಳಿಂದ ಮನಸ್ಸಿಗೆ ಮಂಕು ಕವಿಯಿತು. ಕಪ್ಪು ಹಲಗೆಯ ಕಡೆ ತಿರುಗಿ ಬರೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ತರಗತಿಯ ಕಡೆ ತಿರುಗುವ ಮೊದಲು ಒರೆಸಿಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ತೂಕ ನೋಡಿದರು, ರಕ್ತದೊತ್ತಡ ನೋಡಿದರು, ಕಬ್ಬಿಣದ ಮಾತ್ರೆ ಕೊಟ್ಟರು. ‘ದೇವರ ನಾಮ ಕೇಳಮ್ಮ’ ಎಂದರು ಮನೆಯವರು. ನಮ್ಮ ಶಾಲೆಯ ಹಿರಿಯ ಹೊಲಿಗೆ ಟೀಚರ್ ಒಬ್ಬರು ಮಾತ್ರ ಪ್ರತಿ ಮಧ್ಯಾಹ್ನ ನನ್ನ ಪಕ್ಕ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಬುದ್ಧಿ ಹೇಳುತ್ತಿರಲಿಲ್ಲ. ‘ರಾತ್ರಿ ನಿದ್ದೆ ಬಂತಾ’ ಎಂದು ಕೇಳಿ, ನಾನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ನಾನು ಆ ತಿಂಗಳುಗಳನ್ನು ದಾಟಿದ್ದು ಅವರಿಂದ.

ಅವರು ಮಾಡಿದ್ದನ್ನೇ ಈಗ ಶಾಸ್ತ್ರವೂ ಹೇಳುತ್ತದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಬಸುರಿಯರ ಮನೆಗೆ ಹೋಗಿ ಕ್ರಮವಾಗಿ ಮಾತನಾಡಿದಾಗ ಖಿನ್ನತೆ ಅರ್ಧಕ್ಕಿಂತ ಕಡಿಮೆಯಾಯಿತೆಂದು 2008ರಲ್ಲಿ ಪ್ರಕಟವಾಯಿತು. ಆಮೇಲೆ ಗೋವಾದಲ್ಲೂ ನೆರೆಹೊರೆಯ ಹೆಂಗಸರಿಗೇ ತರಬೇತಿ ಕೊಟ್ಟು ಆ ಕ್ರಮವನ್ನು ಪರೀಕ್ಷಿಸಿದರು. ಎಲ್ಲ ಖಿನ್ನತೆಯೂ ಮಾತಿನಿಂದ ಹೋಗುವುದಿಲ್ಲ. ರಕ್ತಹೀನತೆ, ಥೈರಾಯಿಡ್ ತೊಂದರೆಗಳೂ ಹೀಗೆಯೇ ಕಾಣಿಸಿಕೊಳ್ಳಬಹುದು, ಅವನ್ನು ಪರೀಕ್ಷಿಸಬೇಕು. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಸಾಯುವ ಯೋಚನೆ ಒಮ್ಮೆ ಸುಳಿದರೂ, ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಮೊದಲೇ ಮನಸ್ಸಿನ ಔಷಧಿ ತೆಗೆದುಕೊಳ್ಳುತ್ತಿದ್ದವರು ಬಸುರಿಯಾದೆನೆಂದು ತಾವಾಗಿ ನಿಲ್ಲಿಸಬಾರದು, ಕೇಳಿ ನಡೆಯಬೇಕು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಇದೆ; 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಶಾಲೆಯ ಪೋಷಕರ ಸಭೆಯಲ್ಲಿ ನಾನು ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ಯಾರೂ ಎದುರಿಗೆ ಬರೆದುಕೊಳ್ಳುವುದಿಲ್ಲ. ಆಮೇಲೆ ಒಬ್ಬಿಬ್ಬರು ಬಾಗಿಲ ಬಳಿ ನಿಂತು ಕೇಳುತ್ತಾರೆ.

ಇನ್ನೊಂದು ಬದಲಾವಣೆಯನ್ನು ಹೇಳಿ ಮುಗಿಸುತ್ತೇನೆ. ಮೊದಲು ಬಂದ ಗಾರ್ಮೆಂಟ್ ಹೆಂಗಸರ ಹೆಣ್ಣುಮಕ್ಕಳು ಈಗ ಮದುವೆಯಾಗಿ ಬಸುರಿಯರಾಗುತ್ತಿದ್ದಾರೆ. ಅವರ ತವರು ತುಮಕೂರಿನ ಹಳ್ಳಿಯಲ್ಲ. ಪೀಣ್ಯ, ದಾಸರಹಳ್ಳಿ, ಬೊಮ್ಮನಹಳ್ಳಿಯ ಅದೇ ಒಂದು ಕೋಣೆ. ಬಾಣಂತನ ಮಾಡಬೇಕಾದ ತಾಯಿ ಇನ್ನೂ ಯಂತ್ರದ ಮುಂದೆ ಕುಳಿತಿದ್ದಾಳೆ. ಅವಳಿಗೆ ರಜೆ ಕೊಡುವ ಕಾಯಿದೆ ಇಲ್ಲ. ಹಾಗಾದರೆ ಹಗಲಿಡೀ ಆ ಬಸುರಿಯ ಬಳಿ ಯಾರಿರಬೇಕು? ತಾಯಿ ಕಾರ್ಡಿನಲ್ಲಿ ತೂಕ ಬರೆಯುವ ಆಶಾ ಕಾರ್ಯಕರ್ತೆ, ಅಂಗನವಾಡಿಯಲ್ಲಿ ಊಟ ಬಡಿಸುವವಳು, ಪಕ್ಕದ ಕೋಣೆಯ ಹೆಂಗಸು, ಸಂಜೆ ಮನೆಗೆ ಬರುವ ಗಂಡ. ಇವರಲ್ಲಿ ಒಬ್ಬರಾದರೂ ದಿನಕ್ಕೊಮ್ಮೆ ‘ನಿದ್ದೆ ಬಂತಾ’ ಎಂದು ಕೇಳಿ ಉತ್ತರ ಬರುವವರೆಗೆ ನಿಲ್ಲಲಿ.