ಯಾವ ಊರಿನ ಒಂಬತ್ತು ಗಂಟೆ?

ಒಂದು ಕಾಲವಲಯದ ಸಮಯವನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಬರೀ ಕೂಡಿ ಕಳೆಯುವ ಲೆಕ್ಕ, ಅದನ್ನು ಕಂಪ್ಯೂಟರಿಗೆ ವಹಿಸಿ ದಶಕಗಳೇ ಕಳೆದವು, ಅದರಲ್ಲಿ ಇನ್ನು ಕಲಿಯುವುದೇನಿದೆ ಎಂಬ ಮಾತು ತಂತ್ರಾಂಶ ಕ್ಷೇತ್ರದಲ್ಲಿ ಈಗ ಎಲ್ಲೆಲ್ಲೂ ಕೇಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುವ ಸೂತ್ರ ಒಂದೇ: ಬಂದ ಸಮಯವನ್ನೆಲ್ಲ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲಸಮಯಕ್ಕೆ, ತಿರುಗಿಸಿ ಇಟ್ಟುಕೊಳ್ಳಿ, ತೋರಿಸುವಾಗ ಆಯಾ ಊರಿನ ಸಮಯ ಮಾಡಿ ತೋರಿಸಿ. ಆಗಿಹೋದದ್ದಕ್ಕೆ ಈ ಸೂತ್ರ ಸರಿ. ಆಗಬೇಕಾದದ್ದಕ್ಕೆ ತಪ್ಪು. ಜನರಿಗೆ ಸಮಯ ಪರಿವರ್ತನೆ ಬೇಕಾಗುವುದು ಹೆಚ್ಚಾಗಿ ಆಗಬೇಕಾದದ್ದಕ್ಕೇ: ವಿಮಾನ ಹತ್ತುವುದಕ್ಕೆ, ವೀಸಾ ಸಂದರ್ಶನಕ್ಕೆ, ಮೂರು ದೇಶದವರು ಕೂತು ಮಾತಾಡುವ ಮೀಟಿಂಗಿಗೆ. ಈ ವಿದ್ಯೆ ಬೆಳೆದುಬಂದ ಬಗೆಯನ್ನು ಮರೆತದ್ದರಿಂದಲೇ ಇಂಥ ಸೂತ್ರ ಚಲಾವಣೆಗೆ ಬಂದಿದೆ ಎಂದು ನನ್ನ ನಂಬಿಕೆ.

ಹಳೆಯ ಕಾಲದ್ದನ್ನು ಬೇಗ ಹೇಳಿ ಮುಗಿಸಬಹುದು. ಪ್ರತಿ ಊರಿಗೂ ಅದರದೇ ನಡುಮಧ್ಯಾಹ್ನ ಇದ್ದ ಕಾಲ ಅದು. ರೇಖಾಂಶ ಒಂದು ಡಿಗ್ರಿ ಸರಿದರೆ ಸಮಯ ನಾಲ್ಕು ನಿಮಿಷ ಸರಿಯುತ್ತದೆ. ನಮ್ಮ ಜ್ಯೋತಿಷ ಸಿದ್ಧಾಂತಗಳು ಉಜ್ಜಯಿನಿಯ ಮೇಲೆ ಹಾಯುವ ರೇಖೆಯನ್ನು ನೆಲೆಯಾಗಿಟ್ಟುಕೊಂಡು ಉಳಿದ ಊರುಗಳಿಗೆ ದೇಶಾಂತರ ಸಂಸ್ಕಾರ ಹೇಳಿದ್ದವು. ಪಂಚಾಂಗದವರು ಇಂದಿಗೂ ಅದನ್ನು ಬಿಟ್ಟಿಲ್ಲ. ಯುರೋಪಿನಲ್ಲಿ ಒತ್ತಡ ತಂದದ್ದು ರೈಲು. 1840ರಲ್ಲಿ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ನಿಲ್ದಾಣಗಳಿಗೆಲ್ಲ ಲಂಡನ್ ಸಮಯ ತಂದಿತು. 1883ರ ನವೆಂಬರ್ 18ರಂದು ಅಮೆರಿಕದ ರೈಲು ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿಕೊಂಡವು. ಮರುವರ್ಷ ವಾಷಿಂಗ್ಟನ್‌ನಲ್ಲಿ ಸೇರಿದ ಸಮ್ಮೇಳನ ಗ್ರೀನ್‌ವಿಚ್ಚನ್ನು ಸೊನ್ನೆಯ ರೇಖೆಯೆಂದು ಒಪ್ಪಿತು.

ಭಾರತದಲ್ಲಿ ರೈಲುಗಳು ಓಡುತ್ತಿದ್ದುದು ಮದ್ರಾಸ್ ವೀಕ್ಷಣಾಲಯದ ಸಮಯದ ಮೇಲೆ. ಅದು ಗ್ರೀನ್‌ವಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. 1906ರ ಜನವರಿ 1ರಂದು 82.5 ಡಿಗ್ರಿ ಪೂರ್ವ ರೇಖಾಂಶದ ಆಧಾರದ ಮೇಲೆ ಐದೂವರೆ ಗಂಟೆಯ ಭಾರತೀಯ ಕಾಲಮಾನ ಬಂತು. ಕಲ್ಕತ್ತ ತನ್ನ ಸಮಯವನ್ನು 1948ರವರೆಗೂ, ಸುಮಾರು 39 ನಿಮಿಷ ಹಿಂದಿದ್ದ ಬೊಂಬಾಯಿ 1955ರವರೆಗೂ ಬಿಟ್ಟುಕೊಡಲಿಲ್ಲ. ಬೆಂಗಳೂರಿನ ಸೂರ್ಯ ಇಂದಿಗೂ ನಮ್ಮ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ, ಮಂಗಳೂರಿನ ಸೂರ್ಯ 30 ನಿಮಿಷ ಹಿಂದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ದೇಶದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದಿಟ್ಟಿದ್ದರು. 1943ರಲ್ಲಿ ಬೆಳಗ್ಗೆ ಆರಕ್ಕೆ ಹುಟ್ಟಿತೆಂದು ಬರೆದಿಟ್ಟ ಮಗು ಇಂದಿನ ಲೆಕ್ಕದಲ್ಲಿ ಐದಕ್ಕೆ ಹುಟ್ಟಿದ್ದು. ಜಾತಕ ಬರೆಯುವವರು ಈ ಒಂದು ಗಂಟೆಯನ್ನು ಕಳೆದೇ ಲಗ್ನ ಕಟ್ಟಬೇಕು.

ಜಾತಕದ ಮಾತು ಇಲ್ಲಿ ಬಂದದ್ದು ಸುಮ್ಮನೆ ಅಲ್ಲ. ಯಾವ ಊರು ಯಾವ ವರ್ಷ ಗಡಿಯಾರ ತಿರುಗಿಸಿತು ಎಂಬುದನ್ನು ಮೊದಲು ಶ್ರದ್ಧೆಯಿಂದ ಕಲೆಹಾಕಿದ್ದು ಪಾಶ್ಚಾತ್ಯ ಜ್ಯೋತಿಷಿಗಳಿಗಾಗಿ ತಯಾರಾದ ಅಟ್ಲಾಸುಗಳು. ಅವುಗಳಲ್ಲಿ ಥಾಮಸ್ ಶಾಂಕ್ಸ್ ಅವರದು ಮುಖ್ಯ. ಜ್ಯೋತಿಷದಲ್ಲಿ ನಂಬಿಕೆ ಇದ್ದರೂ ಇಲ್ಲದಿದ್ದರೂ ಈ ಋಣ ಒಪ್ಪಬೇಕು.

ನನ್ನ ಪಾಲಿಗೆ ಈ ಕ್ಷೇತ್ರದ ನಿಜವಾದ ಆರಂಭ 1986. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿದ್ದ ಆರ್ಥರ್ ಡೇವಿಡ್ ಓಲ್ಸನ್ ಒಂದು ಸರಳವಾದ, ಆದರೆ ಆವರೆಗೆ ನೆಲೆಯೂರದಿದ್ದ ಕೆಲಸ ಮಾಡಿದರು. ಗಡಿಯಾರ ಯಾವಾಗ ಮುಂದೆ ಹೋಗುತ್ತದೆ, ಯಾವಾಗ ಹಿಂದೆ ಬರುತ್ತದೆ ಎಂಬ ನಿಯಮಗಳನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೆ ಬರೆಯುವುದು ಬಿಟ್ಟು ಬೇರೆ ಕಡತದಲ್ಲಿಟ್ಟರು. ಸರ್ಕಾರ ನಿಯಮ ಬದಲಿಸಿದರೆ ಕಡತ ಬದಲಿಸಿದರಾಯಿತು. ಮುಂದೆ ಪಾಲ್ ಎಗ್ಗರ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿ ಕೈಜೋಡಿಸಿದಾಗ ವಲಯಗಳಿಗೆ ಊರಿನ ಹೆಸರು ಬಂತು: ಅಮೆರಿಕ/ನ್ಯೂಯಾರ್ಕ್, ಯುರೋಪ್/ಲಂಡನ್, ಏಷ್ಯಾ/ಕಲ್ಕತ್ತ (2008ರಿಂದ ಏಷ್ಯಾ/ಕೋಲ್ಕತಾ). ದೇಶಗಳು ಒಡೆಯುತ್ತವೆ, ಗಡಿಗಳು ಸರಿಯುತ್ತವೆ. ದೊಡ್ಡ ಊರು ಹೆಚ್ಚು ಕಾಲ ನಿಲ್ಲುತ್ತದೆ ಎಂಬ ವಿವೇಕ ಅದರಲ್ಲಿದೆ. ಐಎಸ್‌ಟಿ ಎಂಬ ಮೂರಕ್ಷರ ಭಾರತಕ್ಕೂ ಇಸ್ರೇಲಿಗೂ ಐರ್ಲೆಂಡಿಗೂ ಸಲ್ಲುತ್ತದೆ. ಅದನ್ನು ನಂಬಿ ಮೀಟಿಂಗ್ ಕರೆಯುವವರು ಇನ್ನೂ ಇದ್ದಾರೆ ಎನ್ನುವುದು ಬೇಸರದ ಸಂಗತಿ. ಇಂದು ಜಗತ್ತಿನ ಬಹುಪಾಲು ಫೋನು, ಸರ್ವರುಗಳು ಸಮಯ ಕೇಳುವುದು ಓಲ್ಸನ್ ಅವರ ಈ ಕಡತಗಳ ಕೋಶವನ್ನೇ. 2011ರಲ್ಲಿ, ಕೋಶದ ಹಳೆಯ ಚರಿತ್ರೆಗೆ ಆಧಾರವಾಗಿದ್ದ ಶಾಂಕ್ಸ್ ಅವರ ಅಟ್ಲಾಸಿನ ಹಕ್ಕು ತನ್ನದೆಂದು ಆಸ್ಟ್ರೋಲೇಬ್ ಎಂಬ ಸಂಸ್ಥೆ ದಾವೆ ಹೂಡಿದಾಗ ಕೋಶವೇ ಕೆಲಕಾಲ ಜಾಲದಿಂದ ಇಳಿಯಿತು. ಮರುವರ್ಷ ದಾವೆ ಹಿಂತೆಗೆದುಕೊಂಡರು; ಅಷ್ಟರಲ್ಲಿ ಅಂತರಜಾಲದ ವಿಳಾಸಗಳನ್ನು ನೋಡಿಕೊಳ್ಳುವ ಐಯಾನಾ ಸಂಸ್ಥೆ ಕೋಶದ ಹೊಣೆ ಹೊತ್ತಿತ್ತು.

ನಮ್ಮ ತಲೆಮಾರಿನವರು ಈ ವಿದ್ಯೆ ಕಲಿತದ್ದು 2007ರ ಮಾರ್ಚಿನಲ್ಲಿ. ಅಮೆರಿಕ 2005ರ ಕಾಯಿದೆಯಂತೆ ಬೇಸಿಗೆ ಸಮಯದ, ಅಂದರೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಕ್ರಮದ, ಆರಂಭವನ್ನು ಏಪ್ರಿಲ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರಕ್ಕೆ ತಂದಿತು. ಇಸವಿ 2000ದ ಸಮಸ್ಯೆಗೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಇದಕ್ಕೆ ಸಿಗಲಿಲ್ಲ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಬ್ಯಾಂಕು, ಆಸ್ಪತ್ರೆ, ವಿಮಾನ ಕಂಪನಿಗಳ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರಿಗೆ ಮಾತ್ರ ಅದು ನಿದ್ದೆಗೆಟ್ಟ ಚಳಿಗಾಲ. ಸರ್ವರುಗಳಿಗೆ ಹೊಸ ನಿಯಮ ಹಾಕಿದ್ದು ಸುಲಭದ ಭಾಗ. ಕಷ್ಟ ಬಂದದ್ದು ಕ್ಯಾಲೆಂಡರಿನಲ್ಲಿ. ಆಗ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ತಂತ್ರಾಂಶ, ಜನ ಮೊದಲೇ ಗೊತ್ತುಮಾಡಿಟ್ಟ ಭೇಟಿಗಳನ್ನು ಹಳೆಯ ನಿಯಮದಂತೆ ಯುಟಿಸಿಗೆ ತಿರುಗಿಸಿ ಇಟ್ಟಿತ್ತು. ಹೊಸ ನಿಯಮ ಬಂದೊಡನೆ ಹತ್ತು ಗಂಟೆಯ ಭೇಟಿ ಹನ್ನೊಂದಕ್ಕೆ ಕಾಣತೊಡಗಿತು. ಯಾವ ಭೇಟಿಯನ್ನು ಒಂದು ಗಂಟೆ ಹಿಂದಕ್ಕೆ ಸರಿಸಬೇಕು, ಯಾವುದನ್ನು ಈಗಾಗಲೇ ಯಾರೋ ಕೈಯಾರೆ ಸರಿಪಡಿಸಿದ್ದಾರೆ ಎಂದು ಯಂತ್ರ ಹೇಳಲಾರದು. ಆ ಭೇಟಿಯನ್ನು ‘ನ್ಯೂಯಾರ್ಕಿನ ಹತ್ತು ಗಂಟೆ’ ಎಂದೇ ಬರೆದಿಟ್ಟಿದ್ದರೆ ಇದಾವುದೂ ಬೇಕಿರಲಿಲ್ಲ.

ಆ ಪಾಠವನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಸ್ಟೀಫನ್ ಕೋಲ್‌ಬೋರ್ನ್ ಅವರ ಹೆಸರು ಮೊದಲು ಬರಬೇಕು. ಜಾವಾ ಭಾಷೆಗೆ ಅವರು ಬರೆದ ಜೋಡಾ-ಟೈಮ್ ಎಂಬ ತಂತ್ರಾಂಶ, ಅದರ ಅನುಭವದಿಂದ 2014ರಲ್ಲಿ ಜಾವಾ 8ರೊಳಗೆ ಬಂದ ಹೊಸ ಸಮಯ ವ್ಯವಸ್ಥೆ, ಈ ಎರಡೂ ಕಲಿಸಿದ್ದು ಒಂದು ಮೂಲಭೂತ ವಿವೇಚನೆ: ಆದ ಕ್ಷಣ ಬೇರೆ, ಗೋಡೆಯ ಗಡಿಯಾರ ತೋರುವ ಗಂಟೆ ಬೇರೆ, ಒಂದು ಊರಿನ ಗಂಟೆ ಬೇರೆ. ಮೂರಕ್ಕೂ ಮೂರು ಬಗೆಯ ಮೌಲ್ಯ. ಪೈಥಾನ್ 2020ರಲ್ಲಿ ವಲಯಕೋಶವನ್ನು ತನ್ನೊಳಗೆ ತಂದುಕೊಂಡಿತು. ಜಾವಾಸ್ಕ್ರಿಪ್ಟ್ 1995ರಿಂದ ಹೊತ್ತುಕೊಂಡು ಬಂದ ದುರ್ಬಲ ದಿನಾಂಕ ವ್ಯವಸ್ಥೆಗೆ ಟೆಂಪೊರಲ್ ಎಂಬ ಬದಲಿ 2025ರಲ್ಲಿ ಫೈರ್‌ಫಾಕ್ಸ್‌ನಲ್ಲಿ ಕಾಣಿಸಿಕೊಂಡಿತು. ಬಹಳ ತಡವಾಗಿ ಬಂದ ಒಳ್ಳೆಯ ಕೆಲಸ. ಸಮಯದ ಜೊತೆಗೆ ವಲಯದ ಹೆಸರನ್ನೂ ಬರೆಯುವ ಕ್ರಮ 2024ರಲ್ಲಿ ಅಂತರಜಾಲದ ಮಾನಕವಾಯಿತು. ಕ್ಯಾಲೆಂಡರ್ ಆಹ್ವಾನಗಳ ಮಾನಕವಾದ ಐಕ್ಯಾಲೆಂಡರ್ ಈ ಹೆಸರಿಗೆ 1998ರಲ್ಲೇ ಜಾಗ ಕೊಟ್ಟಿತ್ತು. ಬಳಸುವವರು ಬಳಸಲಿಲ್ಲ.

ಯುಟಿಸಿ ಸೂತ್ರ ಎಲ್ಲಿ ಮುರಿಯುತ್ತದೆ ಎಂದು ನೋಡಬೇಕಾದರೆ 2023ರ ಲೆಬನಾನ್ ಸಾಕು. ಬೈರೂತಿನಲ್ಲಿ ಮಾರ್ಚ್ 27ರ ಬೆಳಗ್ಗೆ 9ಕ್ಕೆ ಒಂದು ಸಭೆ, ಜನವರಿಯಲ್ಲೇ ಗೊತ್ತುಮಾಡಿದ್ದು ಎಂದಿಟ್ಟುಕೊಳ್ಳಿ. ನಿಯಮದ ಪ್ರಕಾರ 26ರಿಂದ ಬೇಸಿಗೆ ಸಮಯ. ಹಾಗಾಗಿ ಅದು ಯುಟಿಸಿ 6 ಗಂಟೆ, ಬೆಂಗಳೂರಿನಲ್ಲಿ ಹನ್ನೊಂದೂವರೆ. ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ರಂಜಾನ್ ಕಾರಣಕ್ಕೆ ಬದಲಾವಣೆಯನ್ನು ಏಪ್ರಿಲಿಗೆ ಮುಂದೂಡಿದ್ದೇವೆಂದು ಸರ್ಕಾರ ಸಾರಿತು. ಈಗ ಬೈರೂತಿನ 9 ಎಂದರೆ ಯುಟಿಸಿ 7, ಬೆಂಗಳೂರಿನಲ್ಲಿ ಹನ್ನೆರಡೂವರೆ. ಯುಟಿಸಿ 6 ಎಂದು ಬರೆದಿಟ್ಟ ಯಂತ್ರ ಅಲ್ಲಿಯವರನ್ನು 8ಕ್ಕೇ ಕರೆಯುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ: ಹಲವು ಚರ್ಚು, ಶಾಲೆ, ಟಿವಿ ವಾಹಿನಿಗಳು ಆದೇಶ ಒಪ್ಪದೆ ಗಡಿಯಾರ ಮುಂದಿಟ್ಟವು. ಒಂದೇ ಊರಿನಲ್ಲಿ ಎರಡು ಸಮಯ ನಡೆದು, ಸರ್ಕಾರ ಹಿಂದೆ ಸರಿದು, 29ರ ರಾತ್ರಿ ಎಲ್ಲರ ಗಡಿಯಾರವೂ ಒಂದಾಯಿತು. ನಿಯಮ ಬದಲಿಸಿದ್ದು ಲೆಬನಾನ್ ಒಂದೇ ಅಲ್ಲ. ಸಮೋವಾ ದಿನಾಂಕ ರೇಖೆಯ ಈಚೆಗೆ ಬರಲು 2011ರ ಡಿಸೆಂಬರ್ 30 ಎಂಬ ಇಡೀ ದಿನವನ್ನೇ ಬಿಟ್ಟಿತು. ಉತ್ತರ ಕೊರಿಯಾ 2015ರಲ್ಲಿ ಅರ್ಧ ಗಂಟೆ ಹಿಂದೆ ಸರಿದು 2018ರಲ್ಲಿ ಮರಳಿತು. ಈಜಿಪ್ಟ್ ಕೈಬಿಟ್ಟಿದ್ದ ಬೇಸಿಗೆ ಸಮಯವನ್ನು 2023ರಲ್ಲಿ ಮತ್ತೆ ತಂದಿತು, ಮೆಕ್ಸಿಕೊ ಅದರ ಹಿಂದಿನ ವರ್ಷವಷ್ಟೇ ಬಿಟ್ಟಿತ್ತು.

ನಮ್ಮವರಿಗೆ ಹೆಚ್ಚು ಹತ್ತಿರದ್ದು ಪ್ರತಿ ಮಾರ್ಚಿನ ಗೊಂದಲ. 2024ರಲ್ಲಿ ಅಮೆರಿಕ 10ರಂದು ಗಡಿಯಾರ ತಿರುಗಿಸಿತು, ಬ್ರಿಟನ್ 31ರಂದು. ನ್ಯೂಯಾರ್ಕಿನ ಬೆಳಗ್ಗೆ ಎಂಟೂವರೆಗೆ ಕಟ್ಟಿದ ವಾರದ ಮೀಟಿಂಗು ಬೆಂಗಳೂರಿಗೆ ಸಂಜೆ ಏಳರಿಂದ ಆರಕ್ಕೆ ಬಂತು. ಲಂಡನ್ನಿಗೆ ಒಂದೂವರೆಯಿಂದ ಮೂರು ವಾರ ಹನ್ನೆರಡೂವರೆಗೆ ಹೋಗಿ ಮತ್ತೆ ಒಂದೂವರೆಗೆ ಮರಳಿತು. ಮೀಟಿಂಗು ಬೆಂಗಳೂರಿನ ಏಳಕ್ಕೆ ಕಟ್ಟಿದ್ದಾದರೆ ಅವರಿಬ್ಬರ ಗಂಟೆ ಬದಲಾಗುತ್ತದೆ, ನಮ್ಮದು ನಿಲ್ಲುತ್ತದೆ. ಯಾವುದೂ ತಪ್ಪಲ್ಲ. ಆದರೆ ಮೀಟಿಂಗು ಯಾವ ಊರಿಗೆ ಸೇರಿದ್ದೆಂದು ಮೊದಲೇ ಹೇಳಿಬಿಡಬೇಕು. ಹೇಳದಿದ್ದಾಗ ಪ್ರತಿ ಸಲ ಸಂಜೆ ಹೊತ್ತು ಸರಿಸಿಕೊಳ್ಳುವವರು ಬೆಂಗಳೂರಿನವರೇ ಆಗುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ.

ಪ್ರಯಾಣದ ಲೆಕ್ಕ ಇದಕ್ಕಿಂತ ಹಳೆಯದು, ಹೆಚ್ಚು ಶಿಸ್ತಿನದು. ವಿಮಾನ ನಡೆಸುವವರು ಯುಟಿಸಿಯಲ್ಲಿ ಮಾತಾಡುತ್ತಾರೆ, ಟಿಕೆಟ್ಟಿನಲ್ಲಿ ಹೊರಡುವ ಊರಿನ, ತಲುಪುವ ಊರಿನ ಸಮಯವಿರುತ್ತದೆ. 2021ರಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವದ ದಾರಿಯಲ್ಲಿ ತಂದ ಏರ್ ಇಂಡಿಯಾ ವಿಮಾನ ಜನವರಿ 9ರ ರಾತ್ರಿ ಹೊರಟು 11ರ ನಸುಕಿನಲ್ಲಿ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ. ಎಡವುವುದು ಫೋನಿನ ಕ್ಯಾಲೆಂಡರಿನಲ್ಲಿ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಕೂತು, ಸ್ಯಾನ್ ಫ್ರಾನ್ಸಿಸ್ಕೊದ ಮಧ್ಯಾಹ್ನ ಮೂರರ ಭೇಟಿಯನ್ನು ಊರು ಆರಿಸದೆ ಬರೆದರೆ, ಅಲ್ಲಿ ಇಳಿದ ಮೇಲೆ ಅದು ರಾತ್ರಿ ಒಂದೂವರೆ ಎಂದು ತೋರಿಸುತ್ತದೆ. ಭೇಟಿ ಬರೆಯುವ ಪುಟದಲ್ಲೇ ಟೈಮ್ ಝೋನ್ ಆರಿಸುವ ಜಾಗವಿದೆ. ಅಲ್ಲಿ ಊರು ಆರಿಸಿದರೆ ಸಾಕು.

ಇಷ್ಟೆಲ್ಲ ಬೆಳೆದ ಕ್ಷೇತ್ರದಲ್ಲಿ ಭಾರತದ ಪಾಲು ವಿಚಿತ್ರ. ಬಳಸುವವರಲ್ಲಿ ನಾವು ಮುಂದೆ, ದಾಖಲೆಯಲ್ಲಿ ಹಿಂದೆ. ಎರಡು ಕಾಲವಲಯ ಬೇಕೇ ಎಂಬ ಚರ್ಚೆ ನಡೆಯುತ್ತದೆ. ಅಸ್ಸಾಮಿನ ಚಹಾ ತೋಟಗಳು ಒಂದು ಗಂಟೆ ಮುಂದಿನ ಬಾಗಾನ್ ಸಮಯ ಇಟ್ಟುಕೊಂಡದ್ದೂ ಅದರಲ್ಲಿ ಬರುತ್ತದೆ. ಆದರೆ ಓಲ್ಸನ್ ಕೋಶದಲ್ಲಿ ಇಡೀ ದೇಶಕ್ಕೆ ಇರುವುದು ಕೋಲ್ಕತಾ ಎಂಬ ಒಂದೇ ವಲಯ. 1970ರ ನಂತರ ಗಡಿಯಾರ ಒಂದೇ ಆಗಿದ್ದರೆ ಬೇರೆ ವಲಯ ಬೇಡ ಎಂಬುದು ಕೋಶ ನಡೆಸುವವರ ನಿಯಮ. ಇತ್ತೀಚಿನ ವರ್ಷಗಳಲ್ಲಿ ಯುರೋಪಿನ ಊರುಗಳ ಹಳೆಯ ಚರಿತ್ರೆಯನ್ನೂ ಅದೇ ನಿಯಮದಂತೆ ಪಕ್ಕದ ಕಡತಕ್ಕೆ ಸರಿಸಿದ್ದಾರೆ. ನಿರ್ವಹಣೆಗೆ ಅನುಕೂಲ ನಿಜ, ಆದರೂ ನಾನು ಒಪ್ಪುವುದಿಲ್ಲ. ಈ ನಿಯಮದಿಂದ 1940ರ ಧಾರವಾಡದ ಒಂದು ಸಮಯ ಕೇಳಿದರೂ ಯಂತ್ರ ಕೋಲ್ಕತಾದ ಚರಿತ್ರೆಯನ್ನೇ ಹೇಳುತ್ತದೆ. ಆಗ ಇಂದಿನ ಕರ್ನಾಟಕ ಬೊಂಬಾಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಎಂದು ಹಂಚಿಹೋಗಿತ್ತು. ಬೆಳಗಾವಿ, ಮಂಗಳೂರು, ಕಲಬುರಗಿ, ಮೈಸೂರುಗಳ ಗಡಿಯಾರದ ಚರಿತ್ರೆಗೆ ಅಲ್ಲಿ ಒಂದು ಸಾಲೂ ಇಲ್ಲ.

ಆ ಸಾಲುಗಳನ್ನು ಬರೆಯಲು ಬೇಕಾದದ್ದು ಹಳೆಯ ರೈಲ್ವೆ ವೇಳಾಪಟ್ಟಿ, ಪುರಸಭೆಯ ನೋಟೀಸು, ಶಾಲೆಯ ಹಾಜರಿ ಪುಸ್ತಕ, 1955ಕ್ಕಿಂತ ಹಿಂದಿನ ಪಂಚಾಂಗ. ನಿಮ್ಮ ಮನೆಯ ಅಟ್ಟದಲ್ಲಿ ಇಂಥವಿದ್ದರೆ ರದ್ದಿಗೆ ಹಾಕಬೇಡಿ. ಸಮಯದ ಉಲ್ಲೇಖವಿರುವ ಪುಟದ ಫೋಟೋ ತೆಗೆದು, ಊರು, ಇಸವಿ ಬರೆದು, ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ತಲುಪಿಸಿ.