ಸಿಟ್ಟು ಕಕ್ಕಿದರೆ ಕಡಿಮೆಯಾಗದು: ಕೋಪಕ್ಕೂ ಉಂಟು ಮನೋಚಿಕಿತ್ಸೆ

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಮನಃಶಾಸ್ತ್ರಕ್ಕಿಂತ ಹಳೆಯದು. ಹಗಲು ಮೇಲಧಿಕಾರಿಯ ಎದುರು ನುಂಗಿಕೊಂಡ ಮಾತು ಸಂಜೆ ಮಗುವಿನ ಬೆನ್ನಿನ ಮೇಲೆ ಏಟಾಗಿ ಬೀಳುವುದನ್ನು ಕಾಣದ ಮನೆಗಳು ವಿರಳ.

ಕೋಪ ತಾನಾಗಿ ಕಾಯಿಲೆಯಲ್ಲ. ಅಪಾಯ, ಅವಮಾನ ಅಥವಾ ಅನ್ಯಾಯ ಎದುರಾದಾಗ ಅಡ್ರಿನಲಿನ್ ಸ್ರವಿಸಿ, ಹೃದಯಬಡಿತವೂ ರಕ್ತದೊತ್ತಡವೂ ಏರಿ, ಶರೀರ ಹೋರಾಟಕ್ಕೆ ಅಣಿಯಾಗುತ್ತದೆ. ಇದನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ವಿವರಿಸಿದ್ದರು. ಸಣ್ಣ ಕಾರಣಕ್ಕೂ ಸಿಟ್ಟು ಸ್ಫೋಟಿಸತೊಡಗಿದಾಗ, ದಿನಗಟ್ಟಲೆ ಆರದೆ ಉಳಿದಾಗ, ಮನೆಮಂದಿ ಹೆದರಿ ಬದುಕುವಂತಾದಾಗ ಅದು ಸಮಸ್ಯೆಯಾಗುತ್ತದೆ. ಖಿನ್ನತೆ, ಮದ್ಯದ ಚಟ, ನಿದ್ರಾಹೀನತೆ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಇವು ಕೂಡ ಸಿಡುಕಿನ ವೇಷದಲ್ಲಿ ಬರುವುದುಂಟು.

ಸಿಟ್ಟನ್ನು ಹೊರಹಾಕಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಅದು ನಿಜವಲ್ಲ. 154 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ ಅಮೆರಿಕದ ಬ್ರಾಡ್ ಬುಶ್ಮನ್ ಮತ್ತು ಸಹೋದ್ಯೋಗಿ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ದೀರ್ಘ ಉಸಿರಾಟ, ಧ್ಯಾನ, ಸ್ನಾಯುಗಳ ಸಡಿಲಿಕೆ ಮುಂತಾಗಿ ಶರೀರದ ಉದ್ರೇಕ ತಗ್ಗಿಸುವ ಅಭ್ಯಾಸಗಳು ಕೋಪವನ್ನು ಇಳಿಸುತ್ತವೆ. ಉದ್ರೇಕ ಹೆಚ್ಚಿಸುವ ಚಟುವಟಿಕೆಗಳಿಂದ ಅಂತಹ ಫಲ ಕಂಡಿಲ್ಲ. ಓಟ ಹೃದಯಕ್ಕೆ ಒಳ್ಳೆಯದೇ, ಸಿಟ್ಟಿಗೆ ಮದ್ದಲ್ಲ.

ಚಿಕಿತ್ಸೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅರಿವು-ವರ್ತನೆಯ ಚಿಕಿತ್ಸೆ. ಕೋಪಕ್ಕೆ ಇದನ್ನು ಕ್ರಮಬದ್ಧವಾಗಿ ಅಳವಡಿಸಿದವರಲ್ಲಿ ಮೊದಲಿಗರು ರೇಮಂಡ್ ನೊವಾಕೊ. ಅವರ ಗ್ರಂಥ 1975ರಲ್ಲಿ ಹೊರಬಂತು. ಮೊದಲಿಗೆ ವ್ಯಕ್ತಿ ದಿನಚರಿ ಬರೆಯಬೇಕು: ಎಲ್ಲಿ, ಯಾರ ಮೇಲೆ ಸಿಟ್ಟು ಬಂತು, ಅದಕ್ಕೆ ಮುನ್ನ ಮನಸ್ಸಿನಲ್ಲಿ ಸುಳಿದ ವಾಕ್ಯ ಯಾವುದು. ಮಗ ಫೋನ್ ಎತ್ತಲಿಲ್ಲ ಎಂಬುದು ಘಟನೆ. 'ಬೇಕೆಂದೇ ಕಡೆಗಣಿಸುತ್ತಿದ್ದಾನೆ' ಎಂಬುದು ತಂದೆ ಅದಕ್ಕೆ ಕೊಟ್ಟ ಅರ್ಥ. ಸಿಟ್ಟು ಹುಟ್ಟುವುದು ಎರಡನೆಯದರಿಂದ. ಆ ಅರ್ಥವನ್ನು ಪ್ರಶ್ನಿಸುವುದನ್ನೂ ಶರೀರವನ್ನು ಶಾಂತಗೊಳಿಸುವುದನ್ನೂ ಕಲಿತ ಬಳಿಕ, ಕೆರಳಿಸುವ ಸನ್ನಿವೇಶಗಳನ್ನು ಚಿಕಿತ್ಸಕರ ಎದುರೇ ಕಲ್ಪಿಸಿಕೊಂಡು, ಸೌಮ್ಯವಾದದ್ದರಿಂದ ಕಠಿಣವಾದದ್ದಕ್ಕೆ ಹಂತಹಂತವಾಗಿ ಅಭ್ಯಾಸ ಮಾಡಿಸಲಾಗುತ್ತದೆ. ಗುರಿ ಕೋಪವೇ ಇಲ್ಲದ ಸಾಧುವನ್ನು ರೂಪಿಸುವುದಲ್ಲ. ನ್ಯಾಯವಾದ ಆಕ್ಷೇಪವನ್ನು ಕಿರುಚದೆ, ಸ್ಪಷ್ಟವಾಗಿ ಹೇಳಬಲ್ಲ ಶಕ್ತಿಯನ್ನು ನೀಡುವುದು.

ಆದರೆ ಮನೆಯೊಳಗಿನ ಹಿಂಸೆಯನ್ನು ಬರೀ 'ಮುಂಗೋಪ'ವೆಂದು ತಳ್ಳಿಹಾಕಲಾಗದು. ಮೇಲಧಿಕಾರಿಯ ಮುಂದೆ ತಡೆದುಕೊಳ್ಳಬಲ್ಲವನು ಹೆಂಡತಿಯ ಮುಂದೆ ಮಾತ್ರ ಕೈಯೆತ್ತುತ್ತಾನಾದರೆ ಅವನಿಗೆ ಹತೋಟಿ ಇಲ್ಲವೆನ್ನುವುದು ಹೇಗೆ? ಇಲ್ಲಿ ಮೊದಲ ಪ್ರಶ್ನೆ ಏಟು ತಿನ್ನುವವರ ಸುರಕ್ಷತೆ. ಅವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ 181 ಮಹಿಳಾ ಸಹಾಯವಾಣಿಯೂ ಇವೆ. ಹೊಡೆದವನಿಗೆ ಚಿಕಿತ್ಸೆ ಬೇಕಿರಬಹುದು, ಆದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವುದು ಅಪಾಯಕ್ಕೆ ದಾರಿಯಾದೀತು.

ನೆರವು ಬೇಕಾದವರು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ (14416) ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿಯೂ ಸಲಹೆ ಪಡೆಯಬಹುದು. ಮೊದಲ ಭೇಟಿಯಲ್ಲಿ ಕುಡಿತ, ನಿದ್ರೆ, ಸೇವಿಸುತ್ತಿರುವ ಔಷಧಗಳ ಕುರಿತು ಮುಚ್ಚುಮರೆಯಿಲ್ಲದೆ ತಿಳಿಸುವುದು ಅಗತ್ಯ. ಸಿಟ್ಟು ಬಂದಾಗ ತಾನು ಹೇಗೆ ಕಾಣುತ್ತೇನೆ ಎಂಬುದು ಸಿಟ್ಟುಗೊಂಡವನಿಗೆ ಕೊನೆಗೆ ತಿಳಿಯುವ ಸಂಗತಿಯಾದ್ದರಿಂದ, ಮನೆಯವರ ಮಾತನ್ನೂ ವೈದ್ಯರು ಪ್ರತ್ಯೇಕವಾಗಿ ಕೇಳುವುದುಂಟು.