ಸಂಗೀತಕ್ಕೊಂದು ಪ್ರತ್ಯೇಕ ತಂತಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಭಾಗದಲ್ಲಿ ರೀಫ್ಟನ್ ಎಂಬ ಪುಟ್ಟ ಊರಿದೆ. ಚಿನ್ನದ ಗಣಿಗಳಿಂದ ಹುಟ್ಟಿದ ಊರು. 1888ರ ಆಗಸ್ಟ್‌ನಲ್ಲಿ ಇನಾಂಗಹುವಾ ನದಿಯ ನೀರಿನಿಂದ ತಯಾರಾದ ವಿದ್ಯುತ್ತು ಅಲ್ಲಿ ದೀಪ ಹೊತ್ತಿಸಿತು. ದಕ್ಷಿಣ ಗೋಳಾರ್ಧದಲ್ಲಿ ಸಾರ್ವಜನಿಕ ವಿದ್ಯುತ್ ಪಡೆದ ಮೊದಲ ಊರು ತಮ್ಮದೆಂದು ರೀಫ್ಟನ್ನಿನವರು ಇಂದಿಗೂ ಹೆಮ್ಮೆಪಡುತ್ತಾರೆ. ಇದಾದ ಹದಿನಾಲ್ಕು ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಎರಡೂ ಕಡೆ ನದಿ, ಎರಡೂ ಕಡೆ ಚಿನ್ನ.

ಈ ಹೋಲಿಕೆ ನನ್ನ ಕಣ್ಣಿಗೆ ಬಿದ್ದದ್ದು ಬಹಳ ಸಣ್ಣ ಕಾರಣಕ್ಕೆ. ನಮ್ಮ ಮನೆಯಲ್ಲಿ ಹಾಡು ಕೇಳುವ ಕೋಣೆಗೆ ಮೀಟರ್ ಬೋರ್ಡಿನಿಂದ ನೇರವಾಗಿ ಒಂದು ಪ್ರತ್ಯೇಕ ಲೈನು ಎಳೆಸಬೇಕಿತ್ತು. ಅದಕ್ಕಾಗಿ ಓದತೊಡಗಿದವನಿಗೆ, ಗೋಡೆಯೊಳಗಿನ ತಂತಿಗೂ ಒಂದು ಚರಿತ್ರೆ ಇದೆ ಎಂಬುದು ಗೊತ್ತಾಯಿತು.

ಮೊದಲು ಮನೆಗೆ ಬಂದ ತಂತಿ ಬೆಳಕಿಗೆಂದು ಬಂದದ್ದು. ಕೋಣೆಗೊಂದು ಬಲ್ಬು, ಅಷ್ಟೇ. ಕೇಳುವ ಸುಖ ಆಮೇಲಿನದು. ಡ್ಯುನೆಡಿನ್ನಿನ ಒಟಾಗೊ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ರಾಬರ್ಟ್ ಜ್ಯಾಕ್ 1921ರ ನವೆಂಬರ್ 17ರಂದು ಈ ದೇಶದ ಮೊದಲ ರೇಡಿಯೊ ಪ್ರಸಾರ ಮಾಡಿದರು. ಮೈಸೂರಿನಲ್ಲೂ ಈ ಕೆಲಸ ಮಾಡಿದವರು ಮೇಷ್ಟರೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದರ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಆರಂಭದ ರೇಡಿಯೊಗಳು ಬ್ಯಾಟರಿಯಲ್ಲಿ ಓಡುತ್ತಿದ್ದವು. ಕರೆಂಟಿನ ರೇಡಿಯೊ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಅದು ಬಲ್ಬಿನ ಹೋಲ್ಡರಿಗೇ ಜೋತುಬಿತ್ತು. ದೀಪದ ಮನೆಗೆ ಸಂಗೀತ ಬಂದದ್ದು ಅತಿಥಿಯಾಗಿ.

ಪ್ರತ್ಯೇಕ ಲೈನಿನ ಗೌರವ ಮೊದಲು ಸಿಕ್ಕಿದ್ದು ಅಡುಗೆ ಒಲೆಗೆ, ಬಿಸಿನೀರಿಗೆ. ಇಲ್ಲಿನ ಮನೆಗಳಲ್ಲಿ ಎಲೆಕ್ಟ್ರಿಕ್ ಸ್ಟವ್‌ಗೂ ಬಿಸಿನೀರಿನ ಸಿಲಿಂಡರಿಗೂ ಬೇರೆ ಬೇರೆ ಫ್ಯೂಸು. ನಮ್ಮ ಕಡೆಯವರಿಗೂ ಇದು ಹೊಸದಲ್ಲ: 5 ಆಂಪಿನ ಪ್ಲಗ್ಗು, 15 ಆಂಪಿನ ಪವರ್ ಪ್ಲಗ್ಗು, ಗೀಸರಿಗೊಂದು ಬೇರೆ ಲೈನು. 1970–80ರ ದಶಕಗಳಲ್ಲಿ ಪೆರೋ, ಪ್ಲಿನಿಯಸ್‌ನಂಥ ಇಲ್ಲಿನ ಕಂಪನಿಗಳು ಭಾರೀ ಆಂಪ್ಲಿಫೈಯರುಗಳನ್ನು ತಯಾರಿಸತೊಡಗಿದವು. ಆ ಕಾಲದ ರಸಿಕರು ಒಲೆಗೆ ಸಿಕ್ಕ ಮರ್ಯಾದೆಯನ್ನು ಸಂಗೀತಕ್ಕೂ ಕೇಳಿದರು. ಜಪಾನಿನಲ್ಲಂತೂ ಕೆಲವರು ಒಳ್ಳೆಯ ನಾದಕ್ಕಾಗಿ ಅಂಗಳದಲ್ಲಿ ತಮ್ಮದೇ ವಿದ್ಯುತ್ ಕಂಬ ನೆಡಿಸಿಕೊಂಡಿದ್ದಾರೆ.

ನನ್ನ ಅಗತ್ಯ ಅಷ್ಟು ದೊಡ್ಡದಲ್ಲ. ಊರಿನಿಂದ ತಂದ ತಾಳಮದ್ದಲೆಯ ಒಂದಿಷ್ಟು ಕ್ಯಾಸೆಟ್ಟುಗಳಿದ್ದವು. ಅವುಗಳ ಪೈಕಿ ಒಂದರಲ್ಲಿ ನನ್ನ ಅಜ್ಜ ಅರ್ಥ ಹೇಳಿದ್ದಾರೆ. ಅವರ ದನಿ ಉಳಿದಿರುವುದು ಅದೊಂದರಲ್ಲಿ ಮಾತ್ರ. ಟೇಪು ಹಳತಾಗಿದೆ, ಹೆಚ್ಚು ಸಲ ಓಡಿಸುವಂತಿಲ್ಲ. ಕಂಪ್ಯೂಟರಿಗೆ ಒಮ್ಮೆಗೇ ಶುದ್ಧವಾಗಿ ಇಳಿಸಿಕೊಳ್ಳಬೇಕು. ಆದರೆ ಫ್ರಿಜ್ಜಿನ ಮೋಟರು ಶುರುವಾದಾಗ ‘ಟಪ್’ ಎಂಬ ಸದ್ದು, ಉಳಿದ ಹೊತ್ತೆಲ್ಲ ತಂಬೂರಿಯ ವೇಷ ಹಾಕಿದ ಒಂದು ಗುಂಯ್.

ನಮ್ಮದು 1920ರ ದಶಕದ ಮರದ ಮನೆ. ಎಲೆಕ್ಟ್ರಿಷಿಯನ್ ಅಟ್ಟಕ್ಕೆ ಹತ್ತಿ ನೋಡಿದಾಗ, ಹಳೆಯ ತಂತಿಗಳ ರಬ್ಬರ್ ಹೊದಿಕೆ ಒಣಗಿ, ಮುಟ್ಟಿದರೆ ಹಪ್ಪಳದಂತೆ ಉದುರುತ್ತಿತ್ತು. “ಸಂಗೀತ ಆಮೇಲೆ, ಮೊದಲು ಮನೆ ಉಳಿಸಿಕೊಳ್ಳಿ” ಎಂದರು. ಪ್ರತ್ಯೇಕ ಲೈನಿನ ನೆಪದಲ್ಲಿ ಇಡೀ ಮನೆಯ ತಂತಿ ಬದಲಾಯಿತು. ಈ ಖರ್ಚಿನ ನಿಜವಾದ ಫಲ ಅದೇ ಎಂದು ಇವತ್ತಿಗೂ ನಂಬಿದ್ದೇನೆ. ಇಂಥ ಕೆಲಸದ ಬಗ್ಗೆ ಇಲ್ಲಿನ ಕಾನೂನು ಕೊಂಚ ವಿಶೇಷವಾದದ್ದು. 1992ರ ವಿದ್ಯುತ್ ಕಾಯ್ದೆಯ ಪ್ರಕಾರ ಮನೆಯೊಡೆಯ ತಾನು ವಾಸಿಸುವ ಮನೆಯಲ್ಲಿ, ನಿಯಮಕ್ಕೆ ಬದ್ಧನಾಗಿ, ಕೆಲವು ವೈರಿಂಗ್ ತಾನೇ ಮಾಡಬಹುದು. ಆದರೆ ಪರವಾನಗಿ ಪಡೆದ ಇನ್‌ಸ್ಪೆಕ್ಟರ್ ಪರೀಕ್ಷಿಸದೆ ಅದಕ್ಕೆ ಕರೆಂಟು ಹರಿಯುವಂತಿಲ್ಲ. ನಾನು ಆ ಸಾಹಸಕ್ಕೆ ಹೋಗಲಿಲ್ಲ.

ಹೊಸ ಲೈನಿಗೆ 2.5 ಚದರ ಮಿಲಿಮೀಟರಿನ ಕೇಬಲ್ಲು, 20 ಆಂಪಿನ ಬ್ರೇಕರು. 230 ವೋಲ್ಟಿನ ಲೆಕ್ಕದಲ್ಲಿ 4600 ವಾಟ್. ಸಾಮಾನ್ಯವಾಗಿ ಹಾಡು ಕೇಳುವಾಗ ಆಂಪ್ಲಿಫೈಯರು ಎಳೆಯುವುದು ಒಂದು ಹೀಟರಿನ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ಹಾಗಾಗಿ ಪ್ರಶ್ನೆ ಇರುವುದು ಕರೆಂಟಿನ ಪ್ರಮಾಣದಲ್ಲಲ್ಲ, ನೆರೆಹೊರೆಯಲ್ಲಿ. ಒಂದೇ ತಂತಿಯಲ್ಲಿ ಫ್ರಿಜ್ಜೂ ಟೇಪ್ ಡೆಕ್ಕೂ ಇದ್ದರೆ, ಮೋಟರು ಶುರುವಾಗುವ ಕ್ಷಣದ ಎಳೆತ ಡೆಕ್ಕಿಗೂ ತಟ್ಟುತ್ತದೆ. ತಂತಿ ಬೇರೆಯಾದಾಗ ಆ ‘ಟಪ್’ ಬಹುತೇಕ ಅಡಗಿತು. ಗುಂಯ್‌ಗೆ ಕಾರಣ ಬೇರೆ. ಡೆಕ್ಕನ್ನು ಒಂದು ಗೋಡೆಗೆ, ಕಂಪ್ಯೂಟರನ್ನು ಇನ್ನೊಂದು ಗೋಡೆಗೆ ಸಿಕ್ಕಿಸಿದಾಗ, ಎರಡರ ಅರ್ತಿಂಗ್ ತಂತಿಗಳೂ ನಡುವಿನ ಆಡಿಯೊ ಕೇಬಲ್ಲೂ ಸೇರಿ ಒಂದು ಉಂಗುರವಾಗುತ್ತದೆ. ಅದರಲ್ಲಿ 50 ಹರ್ಟ್ಜಿನ ಕರೆಂಟು ಸುತ್ತುತ್ತದೆ. ಎಲ್ಲವನ್ನೂ ಹೊಸ ಲೈನಿನ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದಾಗ ಅದೂ ಹೋಯಿತು.

“ಸಂಗೀತಕ್ಕೆ ಬೇರೆಯೇ ಅರ್ತಿಂಗ್ ಸರಳು ಹೊಡೆಸಿ” ಎಂದು ಸಲಹೆ ಕೊಟ್ಟವರಿದ್ದಾರೆ. ನಮ್ಮೂರಲ್ಲಿ ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಗುಂಡಿ ಮಾಡುವುದನ್ನು ಕಂಡವರಿಗೆ ಇದು ಸಹಜವೆನಿಸಬಹುದು. ಇಲ್ಲಿ ಅದು ಅಪಾಯ. ಇಲ್ಲಿನ ಪದ್ಧತಿಯಲ್ಲಿ ಪ್ರತಿ ಮನೆಯ ಬೋರ್ಡಿನಲ್ಲೂ ನ್ಯೂಟ್ರಲ್ ಮತ್ತು ಅರ್ತಿಂಗ್ ಕೂಡಿಕೊಂಡಿರುತ್ತವೆ. ಅದನ್ನು ಬಿಟ್ಟು ಬರೀ ಮಣ್ಣನ್ನು ನಂಬಿದರೆ, ಶಾರ್ಟ್ ಆದಾಗ ಬ್ರೇಕರ್ ಬೀಳುವಷ್ಟು ಕರೆಂಟು ಹರಿಯದೆ ಪೆಟ್ಟಿಗೆಯ ಮೈಗೇ ವಿದ್ಯುತ್ತು ನಿಲ್ಲಬಹುದು.

ಇಷ್ಟೆಲ್ಲ ಆದ ಮೇಲೂ ಕೆಲವೊಮ್ಮೆ ಸ್ಪೀಕರಿನಲ್ಲಿ ಸಣ್ಣದೊಂದು ಸ್ವರ ಮಿಡಿದು ಮಾಯವಾಗುತ್ತಿತ್ತು. ಅದರ ಬೇರು ಇನ್ನೊಂದು ಚರಿತ್ರೆಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲೂ ಆನಂತರವೂ ಈ ದೇಶ ಕರೆಂಟಿನ ಕೊರತೆಯಿಂದ ಬಳಲಿತು. ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಮನೆಮನೆಯ ಬಿಸಿನೀರಿನ ಸಿಲಿಂಡರುಗಳನ್ನು ದೂರದಿಂದಲೇ ಆರಿಸಲು ಒಂದು ಉಪಾಯ 1950ರ ದಶಕದಿಂದ ಹರಡಿತು: ಕರೆಂಟಿನ ತಂತಿಯ ಮೇಲೆಯೇ ಒಂದು ಸಂಕೇತ ಕಳಿಸುವುದು. ಇಲ್ಲಿ ಅದಕ್ಕೆ ರಿಪ್ಪಲ್ ಕಂಟ್ರೋಲ್ ಎನ್ನುತ್ತಾರೆ. ಪ್ರದೇಶಕ್ಕೆ ತಕ್ಕಂತೆ 175, 317, 475, 1050 ಹೀಗೆ ಬೇರೆ ಬೇರೆ ಹರ್ಟ್ಜುಗಳು. ಎಲ್ಲವೂ ಕಿವಿಗೆ ಕೇಳುವ ಸ್ವರಗಳೇ. 317 ಎಂದರೆ ಹಾರ್ಮೋನಿಯಮ್ಮಿನ ಕಪ್ಪು ಎರಡಕ್ಕಿಂತ ತುಸು ಮೇಲೆ. ಯಕ್ಷಗಾನದ ಭಾಗವತರೊಬ್ಬರು ಶ್ರುತಿ ಹಿಡಿಯಲು ಹೆಚ್ಚು ದೂರ ಹೋಗಬೇಕಿಲ್ಲ! ಮನೆಯೊಳಗಿನ ಪ್ರತ್ಯೇಕ ಲೈನು ಇದನ್ನು ತಡೆಯಲಾರದು. ನನ್ನ ತಂತಿ ಬೇರೆಯಾದದ್ದು ಫ್ರಿಜ್ಜಿನಿಂದ ಮಾತ್ರ, ಬೀದಿಯಿಂದಲ್ಲ, ಊರಿನಿಂದಲ್ಲ. ಚಳಿಗಾಲದ ಸಂಜೆ ಎಲ್ಲರಿಗೂ ಕರೆಂಟು ಸಾಲಲೆಂದು ಮಾಡಿಕೊಂಡ ಏರ್ಪಾಡಿನ ದನಿ ಅದು. ಆ ಸಂಕೇತ ಬಾರದ ಹೊತ್ತು ನೋಡಿ ಟೇಪು ಓಡಿಸಿದೆ.

ಆಗಲೂ ಒಂದು ಗುಂಯ್ ಉಳಿಯಿತು. ಡೆಕ್ಕನ್ನು ನಿಲ್ಲಿಸಿದರೆ ಪೂರ್ತಿ ನಿಶ್ಶಬ್ದ, ಓಡಿಸಿದರೆ ಮತ್ತೆ ಗುಂಯ್. ಎಂದರೆ ಅದು ನ್ಯೂಜಿಲೆಂಡಿನದಲ್ಲ, ಟೇಪಿನೊಳಗಿನದು. ದೇವಸ್ಥಾನದ ಚಾವಡಿಯಲ್ಲಿದ್ದ ಮೈಕ್ ಸೆಟ್ಟಿನದು. ಪ್ರಸಂಗದ ನಡುವೆ ಒಂದೆಡೆ ಅದು ಥಟ್ಟನೆ ನಿಲ್ಲುತ್ತದೆ. ಊರಿನಲ್ಲಿ ಕರೆಂಟು ಹೋಗಿದೆ! ಬ್ಯಾಟರಿಯ ಟೇಪ್ ರೆಕಾರ್ಡರು ಮಾತ್ರ ಓಡುತ್ತಿದೆ. ಅಜ್ಜ ಅರ್ಥ ನಿಲ್ಲಿಸಿಲ್ಲ; ಮೈಕಿಲ್ಲದ ಅವರ ದನಿ ದೂರದಿಂದ, ಆದರೆ ಅಕ್ಷರ ಅಕ್ಷರ ಬಿಡಿಸಿದಂತೆ ಕೇಳುತ್ತದೆ.

ಸಾಫ್ಟ್‌ವೇರಿನಲ್ಲಿ ಆ ಗುಂಯ್‌ಯನ್ನು ಅಳಿಸಬಹುದು ಎಂದು ಮಗ ಹೇಳಿದ. ಬೇಡವೆಂದೆ. ಅದು ಇಲ್ಲದಿದ್ದರೆ ಕರೆಂಟು ಹೋದದ್ದು ಯಾರಿಗೂ ತಿಳಿಯುವುದಿಲ್ಲ.